ರಾಯಚೂರಿನಲ್ಲಿ ಹೊಸ ಮನೆ ಕೊಳ್ಳುವ ಮುಂಚೆ ನಾನು ನೋಡಿದ್ದು

ರಾಯಚೂರಿನ ಕಡೆ ಕಟ್ಟಿ ಮಾರುವ ಮನೆ ನೋಡಲು ಹೋದಾಗೆಲ್ಲಾ ನಾನು ಮೊದಲು ಕೇಳುತ್ತಿದ್ದದ್ದು ಒಂದೇ: ಬುನಾದಿ ಎಷ್ಟು ಆಳ ಹೋಗಿದೆ, ಕೆಳಗೆ ಏನು ಸಿಕ್ಕಿತು? ಇಲ್ಲಿ ಎರೆ ಮಣ್ಣು, ಅಂದರೆ ಕಪ್ಪು ಮಣ್ಣು ಜಾಸ್ತಿ. ಮಳೆ ಬಂದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಾಯಿ ಬಿಡುತ್ತದೆ. ಹೊಲದಲ್ಲಿ ಇದನ್ನು ಎಲ್ಲರೂ ನೋಡಿದ್ದೇವೆ, ಅದೇ ಹೊಲ ಲೇಔಟ್ ಆದ ಮೇಲೆ ಮರೆತುಬಿಡುತ್ತೇವೆ. ಬುನಾದಿ ಎರೆಯ ಮೇಲೇ ನಿಂತಿದ್ದರೆ ಮಣ್ಣು ಆಡಿದಂತೆ ಮನೆಯೂ ಆಡುತ್ತದೆ, ಗೋಡೆ ಸೀಳುತ್ತದೆ. ಎರೆ ದಾಟಿ ಗಟ್ಟಿ ಮೊರಂ (ಕಲ್ಲಿನ ಚೂರು ಬೆರೆತ ಗಟ್ಟಿ ಮಣ್ಣು) ಸಿಗುವ ತನಕ ಅಗೆಯಬೇಕು, ಪ್ಲಿಂತ್ ಬೀಮ್ (ಬುನಾದಿಯ ಮೇಲೆ ಗೋಡೆಯ ಕೆಳಗೆ ಬರುವ ಕಾಂಕ್ರೀಟ್ ತೊಲೆ) ಹಾಕಬೇಕು, ಒಳಗಿನ ಭರ್ತಿಗೆ ಅಗೆದ ಎರೆಯನ್ನೇ ವಾಪಸ್ ಸುರಿಯದೆ ಮೊರಂ ತುಂಬಬೇಕು.

ಮಾರುವವರನ್ನು ಕೇಳಿದರೆ "ಎಲ್ಲಾ ಪಕ್ಕಾ ಮಾಡೀವ್ರಿ ಸರ್" ಅಂತಲೇ ಹೇಳುತ್ತಾರೆ. ಹಾಗಾಗಿ ಪಕ್ಕದ ಸೈಟಿನಲ್ಲಿ ಕೆಲಸ ಮಾಡುತ್ತಿದ್ದ ವಯಸ್ಸಾದ ಗೌಂಡಿಯನ್ನು (ಗಾರೆ ಕೆಲಸದವರನ್ನು) ಮಾತಾಡಿಸಿದೆ. "ಕಾಕಾ, ಇಲ್ಲಿ ಮೊರಂ ಎಷ್ಟು ಆಳಕ್ಕೆ ಹತ್ತತೈತ್ರಿ?" "ಆರು ಫೂಟಿನ ತನಕ ಎರಿನೇ ಐತ್ರಿ." ಈ ಮಾತು ಗೊತ್ತಾದ ಮೇಲೆ ಮಾರುವವರ ಹತ್ತಿರ ಬುನಾದಿ ಅಗೆದಾಗಿನ ಫೋಟೊ ಕೇಳಿದೆ. ಈಗ ಎಲ್ಲರ ಮೊಬೈಲಿನಲ್ಲೂ ಇರುತ್ತದೆ ಅಲ್ವಾ? ಗುಂಡಿಯ ತಳದಲ್ಲಿ ಕಪ್ಪು ಮುಗಿದು ಮೊರಂ ಕಾಣಬೇಕು. ನನಗೆ ತುಂಬಾ ಹಿಡಿಸಿದ್ದ ಒಂದು ಮನೆಯವರು ಫೋಟೊ ತೋರಿಸಲೇ ಇಲ್ಲ, ಅದನ್ನು ಅಲ್ಲಿಗೇ ಬಿಟ್ಟೆ.

ಎಲ್ಲಾ ಬಿರುಕಿಗೂ ಹೆದರಬೇಕಾಗಿಲ್ಲ. ಪ್ಲಾಸ್ಟರ್ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆಗಳಿದ್ದರೆ ಅವು ಸಾಮಾನ್ಯವಾಗಿ ಮೇಲಿನವೇ. ಕಿಟಕಿ, ಬಾಗಿಲ ಮೂಲೆಯಿಂದ ಓರೆಯಾಗಿ ಏರಿದ ಬಿರುಕು ಕಂಡರೆ ಬುನಾದಿಯ ಮೇಲೇ ಅನುಮಾನ ಪಡಿ. ಹೊಸ ಬಣ್ಣ ಇದನ್ನು ಮುಚ್ಚಿರುತ್ತದೆ, ಅದಕ್ಕೇ ನಾನು ಕಾಂಪೌಂಡ್ ಗೋಡೆ, ಮಾಳಿಗೆಯ ಪ್ಯಾರಾಪೆಟ್, ಮನೆಯ ಹಿಂಬದಿ, ಹೀಗೆ ಯಾರೂ ಹೆಚ್ಚು ಅಂದ ಮಾಡದ ಜಾಗಗಳನ್ನೇ ಜಾಸ್ತಿ ಹೊತ್ತು ನೋಡಿದೆ. ಒಂದು ಮಳೆಗಾಲ, ಒಂದು ಬೇಸಿಗೆ ಕಂಡ ಮನೆ ಸಿಕ್ಕರೆ ಇನ್ನೂ ಒಳ್ಳೆಯದು.

ನಮ್ಮ ಬಿಸಿಲು ಇನ್ನೊಂದು ಸಮಸ್ಯೆ. 40 ಡಿಗ್ರಿ ದಾಟಿದಾಗ ಕಟ್ಟಿದ ಗೋಡೆಗೆ ಸರಿಯಾಗಿ ನೀರು ಹೊಡೆದಿರದಿದ್ದರೆ ಸಿಮೆಂಟಿಗೆ ಬಲ ಬರಲ್ಲ. ಟ್ಯಾಂಕರ್ ನೀರಿನಲ್ಲಿ ಕಟ್ಟುವವರು ಮೊದಲು ಉಳಿಸುವುದೂ ಇದನ್ನೇ. ಮಾರುವವರಿಗೆ ಹೇಳಿಯೇ ಮೀಟರ್ ಬೋರ್ಡಿನ ಪಕ್ಕ ಗೋಡೆಯನ್ನು ಮೊಳೆಯಿಂದ ಗೀರಿದೆ. ಉಸುಕು ಪುರುಪುರು ಉದುರಿದರೆ ಆ ಪ್ಲಾಸ್ಟರ್ ಬಾಳಿಕೆ ಬರುವುದಿಲ್ಲ. ಮಾಳಿಗೆಯ ಪೈಪಿಗೆ ಬಟ್ಟೆ ತುರುಕಿ ಎರಡು ಇಂಚು ನೀರು ಒಂದು ದಿನ ಪೂರ್ತಿ ನಿಲ್ಲಿಸಿ ಕೆಳಗೆ ತೇವ ಬಂದಿದೆಯಾ ನೋಡಿದೆ, ಬಚ್ಚಲಿಗೂ ಹಾಗೇ. ಅರ್ಥಿಂಗ್ ಇದೆಯಾ, ಜೆಸ್ಕಾಂ (ನಮ್ಮ ಕಡೆಯ ವಿದ್ಯುತ್ ಕಂಪನಿ) ಕನೆಕ್ಷನ್ ಕಟ್ಟಡ ಕೆಲಸಕ್ಕೆ ಪಡೆದ ತಾತ್ಕಾಲಿಕದ್ದಾ ಅಂತಲೂ ಕೇಳಿಕೊಂಡೆ.

ಬೋರ್ ನೀರನ್ನು ಲ್ಯಾಬಿಗೆ ಕೊಡಲೇಬೇಕು. ನಮ್ಮ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ರುಚಿಯಲ್ಲಿ ಅದು ಗೊತ್ತಾಗಲ್ಲ, ನೀರಿನಲ್ಲಿ ಕರಗಿದ ಒಟ್ಟು ಲವಣ ಅಳೆಯುವ ಟಿಡಿಎಸ್ ಮೀಟರೂ ತೋರಿಸಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಬೇರೆ ವ್ಯವಸ್ಥೆ ಬೇಕು, ಮಕ್ಕಳ ಹಲ್ಲು, ದೊಡ್ಡವರ ಮೂಳೆ ಎರಡಕ್ಕೂ ತೊಂದರೆ.

ಕಾಗದಪತ್ರ ವಕೀಲರ ಕೈಗೆ ಕೊಟ್ಟರೂ ಮೂರು ಸಂಗತಿ ನಾನೇ ನೋಡಿದೆ: ಎನ್‌ಎ ಆದೇಶ (ಹೊಲವನ್ನು ಕೃಷಿಯೇತರ ಬಳಕೆಗೆ ಬದಲಿಸಿದ ಆದೇಶ), ಲೇಔಟ್ ಮಂಜೂರಾತಿ, ಇ-ಖಾತೆ. ಪಂಚಾಯಿತಿ ವ್ಯಾಪ್ತಿಯ ಜಾಗವಾದರೆ ಅಲ್ಲಿನ ಆಸ್ತಿ ದಾಖಲೆಯಾದ ಫಾರಂ 9ರ ಜೊತೆ 11ಎ ಇದೆಯಾ, 11ಬಿ ಇದೆಯಾ ನೋಡಿ. 11ಬಿ ಇದ್ದರೆ ಮಂಜೂರಾತಿಯ ಕೊರತೆ ಇರಬಹುದು, ಮುಂಗಡ ಕೊಡುವ ಮುಂಚೆಯೇ ವಕೀಲರನ್ನು ಕೇಳಿ.

ಮನೆ ಕೊಳ್ಳುವವರ ರಕ್ಷಣೆಗೆ ರೇರಾ (ರಿಯಲ್ ಎಸ್ಟೇಟ್ ಕಾಯ್ದೆ) ಇದೆಯಲ್ಲ ಅಂತ ಧೈರ್ಯ ಮಾಡುವವರು ಇದನ್ನು ಗಮನಿಸಿ. 2016ರ ಆ ಕಾಯ್ದೆಯಲ್ಲಿ ಕಟ್ಟಡದ ರಚನೆಯ ದೋಷಕ್ಕೆ ಬಿಲ್ಡರ್ ಐದು ವರ್ಷ ಹೊಣೆ. ಆದರೆ 500 ಚದರ ಮೀಟರ್ ಮೀರದ ಜಾಗದ ಯೋಜನೆಗೆ ನೋಂದಣಿಯೇ ಕಡ್ಡಾಯವಲ್ಲ. 30x40 ಅಡಿ ಸೈಟಿನಲ್ಲಿ ಒಂದೇ ಮನೆ ಕಟ್ಟಿ ಮಾರುವವರೆಲ್ಲ ಇದರೊಳಗೇ ಬರುತ್ತಾರೆ. ಅದಕ್ಕೇ ಐದು ವರ್ಷದೊಳಗೆ ಬುನಾದಿ, ಸ್ಲ್ಯಾಬ್, ಗೋಡೆ ಕೆಟ್ಟರೆ ಅವರ ಖರ್ಚಿನಲ್ಲೇ ಸರಿಮಾಡಿಸಬೇಕು ಅಂತ ಕರಾರು ಪತ್ರದಲ್ಲೇ ಬರೆಸಿದೆ. "ಇದೆಲ್ಲಾ ಯಾಕ್ರಿ ಸರ್, ನಮ್ಮ ಮ್ಯಾಲೆ ನಂಬಿಕಿ ಇಲ್ಲೇನು" ಅಂದರು. ನಂಬಿಕೆ ಇದೆ, ಆದರೂ ಬರವಣಿಗೆಯಲ್ಲಿ ಬೇಕು ಅಂದೆ. ಒಪ್ಪಿ ಸಹಿ ಹಾಕಿದ ಮೇಲೆ ಮುಂಗಡ ಕೊಟ್ಟೆ.