ಕಂಬ ಇಳಿದ ಪಿಂಗಾಣಿ

ಹಳೆಯ ಇನ್ಸುಲೇಟರ್, ಅಂದರೆ ತಂತಿಯ ಕರೆಂಟು ಕಂಬಕ್ಕೆ ಇಳಿಯದಂತೆ ನಡುವೆ ಕೂರಿಸುವ ಪಿಂಗಾಣಿ, ಸಂಗ್ರಹಿಸುತ್ತೇನೆ ಅಂದರೆ ನಮ್ಮ ಕುಮಟಾದಲ್ಲಿ ಮೊದಲು ಬರುವ ಪ್ರಶ್ನೆ, "ಅದ್ರಲ್ಲಿ ತಾಮ್ರ ಇರ್ತದಾ?" ಇರುವುದಿಲ್ಲ. ಗುಜರಿಯವರಿಗೆ ಬೇಕಾದದ್ದು ಒಳಗಿನ ಕಬ್ಬಿಣದ ಪಿನ್ನು ಮಾತ್ರ. ಸುತ್ತಿಗೆಯಿಂದ ಎರಡು ಪೆಟ್ಟು ಕೊಟ್ಟು ಪಿನ್ನು ತೆಗೆದುಕೊಳ್ಳುತ್ತಾರೆ, ಪಿಂಗಾಣಿ ಚೂರು ಗಟಾರಕ್ಕೆ. ಆ ಸುತ್ತಿಗೆ ಬೀಳುವ ಮೊದಲು ಅಲ್ಲಿ ಹಾಜರಿರುವುದೇ ನನ್ನ ಹವ್ಯಾಸ.

ನಾನು ವೈರಿಂಗ್ ಕೆಲಸದವ. ಹಳೆಯ ಮನೆಗಳ ವೈರಿಂಗ್ ಕಿತ್ತು ಹೊಸತು ಹಾಕುವಾಗ ಗೋಡೆಯ ಮೇಲೆ ವೈರು ಹಿಡಿದಿಡುವ ಪಿಂಗಾಣಿ ಕ್ಲೀಟು, ಕಿಟ್‌ಕ್ಯಾಟ್ ಫ್ಯೂಸು, ಗೋಡೆಯ ಬ್ರಾಕೆಟ್ಟಿನಲ್ಲಿ ತಂತಿ ಕಟ್ಟುವ ಶ್ಯಾಕಲ್ ಇವೆಲ್ಲ ಬುಟ್ಟಿಗಟ್ಟಲೆ ಸಿಗುತ್ತಿದ್ದವು. ಮನೆಯವರಿಗೆ ಅದು ಕಸ. ಅಲ್ಲಿಂದ ಶುರುವಾದದ್ದು ಈಗ ಕಂಬದ ಮೇಲಿನ ಮಾಲಿನವರೆಗೆ ಬಂದಿದೆ: 11 ಕೆವಿ (11 ಸಾವಿರ ವೋಲ್ಟಿನ) ಲೈನಿನ ಪಿನ್ ಇನ್ಸುಲೇಟರು, ಮೂರು ಪದರದ 33 ಕೆವಿಯದು, ಕಂಬ ವಾಲದಂತೆ ಎಳೆದು ಕಟ್ಟುವ ಸ್ಟೇ ತಂತಿಯ ಮೊಟ್ಟೆಯಾಕಾರದ್ದು, ದೊಡ್ಡ ಲೈನಿಗೆ ತೂಗುಹಾಕುವ ತಟ್ಟೆಯಾಕಾರದ ಡಿಸ್ಕು. ಡಿಸ್ಕಿನ ಅಡ್ಡಳತೆ ಸಾಮಾನ್ಯವಾಗಿ 255 ಮಿಲಿಮೀಟರ್. ಒಂದನ್ನು ಎತ್ತಿ ನೋಡಿದರೆ ಸಾಕು, ಕಪಾಟಿಗೆ ಯಾವ ಹಲಗೆ ಬೇಕು ಎಂದು ತಿಳಿಯುತ್ತದೆ. ಫಾರ್ಮೈಕಾ ಅಂಟಿಸಿದ ತೆಳು ಹಲಗೆ ನಡೆಯುವುದಿಲ್ಲ.

ಮಾಲು ಎಲ್ಲಿಂದ ತರಬೇಕು ಎನ್ನುವುದಕ್ಕಿಂತ ಎಲ್ಲಿಂದ ತರಬಾರದು ಎನ್ನುವುದು ಮೊದಲು. ಕಂಬ ಎಷ್ಟೇ ಹಳತಾಗಿರಲಿ, ತಂತಿ ತುಂಡಾಗಿ ವರ್ಷಗಳೇ ಆಗಿರಲಿ, ಅದರ ಮೇಲಿನದಕ್ಕೆ ಕೈ ಹಾಕುವಂತಿಲ್ಲ. ಸತ್ತ ಲೈನು ಅಂದುಕೊಂಡದ್ದಕ್ಕೆ ಯಾರದೋ ಮನೆಯ ಜನರೇಟರಿನಿಂದ ಹಿಂದಿನಿಂದ ಕರೆಂಟು ಬಂದಿರಬಹುದು, ಅದು ಒಂದು. 2003ರ ವಿದ್ಯುತ್ ಕಾಯ್ದೆಯ 136ನೇ ಕಲಮು, ಅದು ಎರಡು. ಲೈನಿನ ಸಾಮಾನು ಕದ್ದರೆ ಮೂರು ವರ್ಷದವರೆಗೆ ಜೈಲು ಇಲ್ಲವೆ ದಂಡ, ಇಲ್ಲವೆ ಎರಡೂ. ಒಡೆಯರ ಒಪ್ಪಿಗೆ ಇಲ್ಲದೆ ಮನೆಯಲ್ಲಿ ಇಟ್ಟುಕೊಂಡರೂ ಅದೇ ಕಲಮು. ಹಾಗಾಗಿ ನಾನು ಹರಾಜಿನಲ್ಲಿ ಗುಜರಿ ಎತ್ತಿದವರಿಂದಷ್ಟೇ ಕೊಳ್ಳುತ್ತೇನೆ, ಚೀಟಿ ಬರೆಸಿಕೊಳ್ಳುತ್ತೇನೆ. ಶಿರಸಿಯ ಗುಜರಿಯವರೊಬ್ಬರು ಮೊದಲ ಸಲ ನಕ್ಕಿದ್ದರು. "ಇದ್ಕೂ ಬಿಲ್ಲು ಬೇಕಾ ಮಾರಾಯ್ರೆ? ಚಾ ದುಡ್ಡು ಕೊಟ್ಟು ತಗಂಡು ಹೋಗಿ." ಚಹಾ ಕುಡಿಸಿ ಬಿಲ್ಲನ್ನೂ ಬರೆಸಿಕೊಂಡೆ. ಈಗ ಅವರೇ ಒಡೆಯುವ ಮೊದಲು ಫೋನು ಮಾಡುತ್ತಾರೆ.

ಕೊಳ್ಳುವಾಗ ನಾನು ಮೊದಲು ಕೇಳುವುದು ಬೆಲೆಯಲ್ಲ, ಯಾವ ಲೈನು ಎಂದು. ದೇವಿಮನೆ ಘಟ್ಟದ ಮೇಲಿನದೋ ಕೆಳಗಿನದೋ, ಊರ ಹೆಸರೇನು. ಅದು ಗೊತ್ತಿಲ್ಲದಿದ್ದರೆ ಎಂಥ ಚೆಂದದ ಮಾಲಾದರೂ ನನಗೆ ಅದು ಬರಿ ಪಿಂಗಾಣಿ ಬಟ್ಟಲು. ಬೇರೆ ಸಂಗ್ರಾಹಕರು ಬಣ್ಣ ನೋಡುತ್ತಾರೆ, ಚೊಕ್ಕ ಅಂಚು ನೋಡುತ್ತಾರೆ. ಅದೂ ಸರಿಯೇ. ಆದರೆ ಘಟ್ಟದ ಮೇಲಿನ ಪಿಂಗಾಣಿಗೂ ಕರಾವಳಿಯದಕ್ಕೂ ಮೈಮೇಲೆಯೇ ವ್ಯತ್ಯಾಸ ಕಾಣುತ್ತದೆ. ಮೇಲಿನದರ ಅಡಿಗೆ ಪಾಚಿ, ಕಲ್ಲುಹೂವು, ಕಣಜದ ಗೂಡು. ಕೆಳಗಿನದಕ್ಕೆ ಉಪ್ಪು.

ಈ ಉಪ್ಪಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮಳೆಗಾಲದಲ್ಲಿ ಕರೆಂಟು ಹೋಗುವುದಕ್ಕೆ ಮರ ಬಿದ್ದದ್ದು ಕಾರಣ ಇರಬಹುದು, ಸಿಡಿಲೂ ಇರಬಹುದು. ಇನ್ಸುಲೇಟರಿನ ಲೆಕ್ಕದಲ್ಲಿ ಕೆಟ್ಟ ಕಾಲ ಆಷಾಢದ ಜಡಿಮಳೆಯಲ್ಲ, ಅದಕ್ಕಿಂತ ಮೊದಲಿನ ಇಬ್ಬನಿ ಮತ್ತು ತುಂತುರು. ದೀಪಾವಳಿ ಕಳೆದ ಮೇಲೆ ಬೇಸಿಗೆಯುದ್ದಕ್ಕೂ ಸಮುದ್ರದ ಗಾಳಿ ಉಪ್ಪು ತಂದು ಕೂರಿಸುತ್ತದೆ, ಅದರ ಮೇಲೆ ರಸ್ತೆಯ ಧೂಳು. ಒಣಗಿದ್ದಷ್ಟು ಕಾಲ ಅದರಿಂದ ತೊಂದರೆ ಇಲ್ಲ. ಸ್ವಲ್ಪವೇ ಒದ್ದೆಯಾದರೆ ಆ ಪದರದಲ್ಲಿ ಕರೆಂಟು ಹರಿಯತೊಡಗುತ್ತದೆ. ಹರಿದಲ್ಲಿ ಬಿಸಿಯಾಗಿ ಒಂದು ಪಟ್ಟಿ ಒಣಗುತ್ತದೆ, ಒಣಗಿದ ಪಟ್ಟಿಯ ಮೇಲೆ ಕಿಡಿ ಹಾರುತ್ತದೆ, ಕಿಡಿ ಬೆಳೆದು ತಂತಿಯಿಂದ ಪಿನ್ನಿನವರೆಗೆ ಒಂದೇ ಬೆಂಕಿಯಾಗಿ ಸುತ್ತಿಕೊಳ್ಳುತ್ತದೆ. ಅದೇ ಫ್ಲ್ಯಾಶ್‌ಓವರ್. ಜಡಿಮಳೆ ಶುರುವಾದರೆ ಉಪ್ಪೆಲ್ಲ ತೊಳೆದು ಹೋಗುತ್ತದೆ. ಸಮುದ್ರದ ಹತ್ತಿರದ ಲೈನಿಗೆ ಅಡಿಯಲ್ಲಿ ಆಳವಾದ ಏಣುಗಳಿರುವ ಡಿಸ್ಕು ಹಾಕುವುದು ಇದಕ್ಕೇ. ತಂತಿಯಿಂದ ಪಿನ್ನಿಗೆ ಮೈಮೇಲಿನ ದಾರಿ ಉದ್ದವಾದಷ್ಟೂ ಕರೆಂಟಿಗೆ ಕಷ್ಟ.

ನನ್ನಲ್ಲಿರುವ ಒಂದು 11 ಕೆವಿ ಪಿನ್ ಇನ್ಸುಲೇಟರು ಸಾಣಿಕಟ್ಟೆಯ ಕಡೆಯದು, ಉಪ್ಪಿನ ಆಗರಗಳ ಬದಿಯ ಲೈನಿನದು. ಕಂದು ಮೆರುಗು, ನಮ್ಮ ಮಿಡಿ ಉಪ್ಪಿನಕಾಯಿಯ ಭರಣಿಯ ಬಣ್ಣವೇ. ಅದರ ಒಂದು ಮಗ್ಗುಲಲ್ಲಿ ಎರಡು ಬೆರಳಗಲ ಮೆರುಗು ಸತ್ತು ಬೂದಿಬಣ್ಣಕ್ಕೆ ತಿರುಗಿದೆ. ಉಗುರಾಡಿಸಿದರೆ ಅಲ್ಲಿ ಮಾತ್ರ ದೊರಗು. ಆ ಕಲೆ ತಂತಿ ಕೂರುವ ಕಚ್ಚಿನಿಂದ ಶುರುವಾಗಿ ಮೇಲಿನ ಅಂಚು ದಾಟಿ ಕೆಳಗಿನ ಅಂಚಿಗೆ ಇಳಿದಿದೆ, ಇಳಿದ ಜಾಗದಲ್ಲಿ ಅಂಚು ಚಕ್ಕೆಯೆದ್ದಿದೆ. ಕಚ್ಚಿನೊಳಗೆ ಕರಗಿದ ಅಲ್ಯೂಮಿನಿಯಂ ಬೈಂಡಿಂಗ್ ತಂತಿಯ ಸಣ್ಣ ಸಣ್ಣ ಮಣಿಗಳು ಅಂಟಿಕೊಂಡಿವೆ. ಬೆಲೆಯ ಲೆಕ್ಕದಲ್ಲಿ ಇದು ಹಾಳಾದ ಮಾಲು. ಚೊಕ್ಕದ್ದು ಹತ್ತು ಕೊಟ್ಟರೂ ನಾನಿದನ್ನು ಬದಲು ಮಾಡಿಕೊಳ್ಳುವುದಿಲ್ಲ.

ಪರೀಕ್ಷೆಗೆ ಯಂತ್ರ ಬೇಡ. ಒಂದು ಬೆರಳಲ್ಲಿ ತೂಗುಬಿಟ್ಟು ನಾಣ್ಯದಿಂದ ಮೆಲ್ಲಗೆ ತಟ್ಟಬೇಕು. ಗಟ್ಟಿಯಿದ್ದರೆ ಠಣ್ ಎಂದು ಎಳೆದು ನುಡಿಯುತ್ತದೆ, ಕೂದಲೆಳೆಯ ಬಿರುಕಿದ್ದರೂ ಸದ್ದು ಮಂಕಾಗುತ್ತದೆ. ಇನ್ನೊಂದು ಪರೀಕ್ಷೆ ಅಂಚು ಒಡೆದ ಮಾಲಿಗೆ. ಒಡೆದ ಮೈಗೆ ಒಂದು ಹನಿ ಪೆನ್ನಿನ ಇಂಕು ಬಿಟ್ಟು ಒರೆಸಿ ನೋಡಿ. ಚೀನಿಮಣ್ಣು, ಫೆಲ್ಡ್‌ಸ್ಪಾರ್, ಕ್ವಾರ್ಟ್ಸ್ ನೀರಿನಲ್ಲಿ ಹದವಾಗಿ ಕಲಸಿ ಚೆನ್ನಾಗಿ ಬೇಯಿಸಿದ್ದಾದರೆ ಇಂಕು ಒಳಗೆ ಇಳಿಯುವುದಿಲ್ಲ. ಅರೆ ಒಣಪುಡಿಯನ್ನು ಅಚ್ಚಿನಲ್ಲಿ ಒತ್ತಿ ಮಾಡಿದ ಅಗ್ಗದ ಮಾಲು ಇಂಕನ್ನು ಹೀರಿಕೊಳ್ಳುತ್ತದೆ. ಮನೆಯೊಳಗಿನ ಕ್ಲೀಟು, ಫ್ಯೂಸಿಗೆ ಅಂಥದ್ದು ಸಾಕು, ಹೈಟೆನ್ಷನ್ ಲೈನಿಗೆ ಆಗದು.

ಮುದ್ರೆ ಹುಡುಕುವುದು ತಾಳ್ಮೆಯ ಕೆಲಸ. ಕೆಲವಕ್ಕೆ ಹಸಿ ಮಣ್ಣಿನಲ್ಲೇ ಒತ್ತಿರುತ್ತಾರೆ, ಕೆಲವಕ್ಕೆ ಮೆರುಗಿನ ಕೆಳಗೆ ಶಾಯಿಯಲ್ಲಿ. ಟಾರ್ಚನ್ನು ಮಗ್ಗುಲಿನಿಂದ ಹಿಡಿದರೆ ಒತ್ತಿದ ಅಕ್ಷರ ಎದ್ದು ಬರುತ್ತದೆ. ನನಗೆ ಸಿಕ್ಕ ಹಳೆಯ ಬಿಳಿ ಟೆಲಿಗ್ರಾಫ್ ಪಿಂಗಾಣಿಗಳಲ್ಲಿ ಇಂಗ್ಲೆಂಡಿನ ಬುಲ್ಲರ್ಸ್ ಕಂಪನಿಯ ಹೆಸರಿದೆ. ಬಟ್ಟಲೊಳಗೆ ಇನ್ನೊಂದು ಬಟ್ಟಲು, ಹೊರಗಿನದಕ್ಕೆ ಮಳೆ ಬಡಿದರೂ ಒಳಗಿನದು ಒಣಗಿರಲಿ ಎಂದು. ತಂತಿ ಸುದ್ದಿ 2013ರ ಜುಲೈನಲ್ಲಿ ನಿಂತೇ ಹೋಯಿತು, ಅದರ ಕಂಬಗಳು ಎಷ್ಟೋ ಮೊದಲೇ ಹೋಗಿದ್ದವು. ಕಂದು ಮಾಲಿನಲ್ಲಿ ನಾನು ಹುಡುಕುವುದು ಬೆಂಗಳೂರಿನದನ್ನು. ಮೈಸೂರು ಸಂಸ್ಥಾನ 1930ರ ದಶಕದಲ್ಲಿ ಅಲ್ಲಿ ಪಿಂಗಾಣಿ ಕಾರ್ಖಾನೆ ಶುರು ಮಾಡಿತ್ತು, ಮುಂದೆ ಅದು ಬಿಎಚ್‌ಇಎಲ್‌ಗೆ ಸೇರಿತು. ನಮ್ಮ ಉತ್ತರ ಕನ್ನಡ ಜಿಲ್ಲೆ 1956ರವರೆಗೆ ಮುಂಬಯಿ ರಾಜ್ಯಕ್ಕೆ ಸೇರಿತ್ತು ಎನ್ನುವುದನ್ನೂ ತಲೆಯಲ್ಲಿಟ್ಟುಕೊಂಡು ನೋಡಿದರೆ, ಕಾರವಾರದ ಕಪಾಟಿನಲ್ಲಿ ಬೆಂಗಳೂರಿನ ಮುದ್ರೆ ಕಂಡಾಗ ಅದು ಯಾವ ಕಾಲದಲ್ಲಿ ಈ ಕಡೆ ಬಂದಿರಬಹುದು ಎಂದು ಒಂದು ಅಂದಾಜು ಹಾಕಬಹುದು.

ತೊಳೆಯುವುದಕ್ಕೆ ಮೊದಲು ಬರಿ ನೀರಿನಲ್ಲಿ ಎರಡು ದಿನ ನೆನೆಸಿಡುತ್ತೇನೆ, ಉಪ್ಪು ಬಿಡಲಿ ಎಂದು. ಆಮೇಲೆ ಸೋಪು, ತೆಂಗಿನ ನಾರು. ತುಕ್ಕಿನ ಕಲೆ ಸಣ್ಣದಾದರೆ ಉಪ್ಪಾಗೆ ಎಂಬ ಹುಳಿಹಣ್ಣಿನ ಸಿಪ್ಪೆ ಕುದಿಸಿದ ನೀರಿಗೇ ಬಿಡುತ್ತದೆ, ಮನೆಯಲ್ಲಿ ಅದಕ್ಕೆ ಬರಗಾಲವಿಲ್ಲ. ಹಟಮಾರಿ ಕಲೆಗೆ ಆಕ್ಸಾಲಿಕ್ ಆಮ್ಲ, ಪ್ಲಾಸ್ಟಿಕ್ ಬಕೆಟ್ಟು, ಕೈಗವಸು. ಆದರೆ ಪಿನ್ನನ್ನು ಸಿಮೆಂಟು ಹಾಕಿ ಕೂರಿಸಿದ ಮಾಲನ್ನು ಆಮ್ಲದಲ್ಲಿ ಮುಳುಗಿಸಬೇಡಿ. ಸಿಮೆಂಟು ಹಾಳಾಗಿ ಪಿನ್ನು ಅಲ್ಲಾಡತೊಡಗಬಹುದು. ಕೆಲವದರ ಒಳಗೆ ಪಿನ್ನಿನ ತಿರುಪಿಗೆ ಸೀಸದ ಟೊಪ್ಪಿ ಇರುತ್ತದೆ. ಅದನ್ನು ಉಜ್ಜಿ ಪುಡಿಯೆಬ್ಬಿಸಬಾರದು, ಮಕ್ಕಳ ಕೈಗೂ ಕೊಡಬಾರದು.

ಗಾಜಿನದು ನಮ್ಮ ಕಡೆ ಅಪರೂಪ. ನನ್ನಲ್ಲಿರುವ ಹೆಮಿಂಗ್ರೇ-42 (ಹೆಮಿಂಗ್ರೇ ಎಂಬ ಅಮೆರಿಕದ ಕಂಪನಿಯ ಒಂದು ನಮೂನೆ), ಸಮುದ್ರದ ನೀಲಿ ಬಣ್ಣದ್ದು, ಒಬ್ಬ ಸಂಗ್ರಾಹಕರಿಗೆ ಬೆಂಗಳೂರು ಪಿಂಗಾಣಿ ಕೊಟ್ಟು ಬದಲಿಗೆ ಪಡೆದದ್ದು. ಅಮೆರಿಕದಲ್ಲಿ ಇದು ಮೂಲೆಮೂಲೆಯಲ್ಲೂ ಸಿಗುವ ಮಾಲು. ಅದರ ಕೆಳ ಅಂಚಿನ ಸುತ್ತ ಸಣ್ಣ ಸಣ್ಣ ಮೊನೆಗಳಿವೆ, ಮಳೆನೀರು ಅಲ್ಲಿಂದ ಹನಿಯಾಗಿ ಉದುರಿ ಹೋಗಲಿ, ಅಂಚಿಗೆ ಅಂಟಿ ಒಳಗೆ ತೆವಳದಿರಲಿ ಎಂದು. 1893ರ ಮೇ 2ರಂದು ಪಡೆದ ಪೇಟೆಂಟು ಅದು. ನಮ್ಮ ಮಳೆ ನೋಡಿದ್ದರೆ ಇನ್ನೂ ಉದ್ದ ಮಾಡುತ್ತಿದ್ದರೇನೋ.

ನೇರಳೆ ಗಾಜು ಅಂತ ಯಾರಾದರೂ ದೊಡ್ಡ ಬೆಲೆ ಹೇಳಿದರೆ ಸ್ವಲ್ಪ ತಡೆಯಿರಿ. ಮ್ಯಾಂಗನೀಸ್ ಹಾಕಿದ ಹಳೆಯ ಬಿಳಿ ಗಾಜು ವರ್ಷಗಟ್ಟಲೆ ಬಿಸಿಲಿಗೆ ತಾನಾಗಿ ತಿಳಿ ನೇರಳೆಗೆ ತಿರುಗುತ್ತದೆ, ಅದು ನಿಜ. ಅದೇ ಗಾಜಿಗೆ ವಿಕಿರಣ ಹಾಯಿಸಿ ಗಾಢ ನೇರಳೆ ಮಾಡಿ ಮಾರುವವರೂ ಇದ್ದಾರೆ.

ಕಪಾಟಿನಲ್ಲಿ ಇಡುವ ಮೊದಲು ಪ್ರತಿಯೊಂದರ ಅಡಿಗೆ, ಮೆರುಗಿಲ್ಲದ ಅಂಚಿನ ಮೇಲೆ, ಪೆನ್ಸಿಲ್ಲಿನಲ್ಲಿ ಒಂದು ಸಂಖ್ಯೆ ಬರೆಯುತ್ತೇನೆ. ಭಟ್ಟಿಯಲ್ಲಿ ಮಾಲು ನಿಲ್ಲುವುದು ಆ ಅಂಚಿನ ಮೇಲೆ, ಅದಕ್ಕೇ ಅಲ್ಲಿ ಮೆರುಗಿರುವುದಿಲ್ಲ. ಅದೇ ಸಂಖ್ಯೆಗೆ ವಹಿಯಲ್ಲಿ ಊರು, ಲೈನು, ಇಳಿಸಿದ ವರ್ಷ, ಬಿಲ್ಲು. ಊರಿನ ಹೆಸರು ಬಹಳ ಸಲ ನಿವೃತ್ತ ಲೈನ್‌ಮನ್‌ಗಳ ಬಾಯಿಂದಲೇ ಬರುತ್ತದೆ. ಅವರಿಗೆ ಮಾಲು ತೋರಿಸಿದರೆ ಸಾಕು. "ಇದು ನಾವು ಹಾಕಿದ್ದೇ ತಮ್ಮಾ, ಈ ನಮೂನೆ ಕಟ್ಟು ಕಟ್ಟುವವರು ಈಗ ಯಾರಿದ್ದಾರೆ" ಎಂದು ಬೈಂಡಿಂಗ್ ತಂತಿಯ ಗುರುತಿನ ಮೇಲೆ ಬೆರಳಿಡುತ್ತಾರೆ.

ಸದ್ಯ ವಹಿಯಲ್ಲಿ ಖಾಲಿ ಇರುವುದು ರೈಲ್ವೆಯ ಪುಟ. ನಮ್ಮ ಜಿಲ್ಲೆಯ ಕರಾವಳಿಗೆ ರೈಲು ಬಂದದ್ದೇ 1990ರ ದಶಕದಲ್ಲಿ, ಹಾಗಾಗಿ ಹಳಿಯ ಪಕ್ಕದ ಹಳೆಯ ಟೆಲಿಗ್ರಾಫ್ ಮಾಲಿಗೆ ಅಳ್ನಾವರ–ದಾಂಡೇಲಿ ಕಡೆಗೇ ಹೋಗಬೇಕು. ದಾಂಡೇಲಿಯ ಗುಜರಿಯವರೊಬ್ಬರು ನೋಡಿ ಹೇಳುತ್ತೇನೆ ಅಂದಿದ್ದಾರೆ. ಬಿಲ್ಲು ಕೊಡುತ್ತೀರಾ ಎಂದು ಮೊದಲೇ ಕೇಳಿಟ್ಟಿದ್ದೇನೆ.