ಟೈಮರ್ ನಿಂತ ಮೇಲೆಯೇ ಫ್ರೀ: ಮೆಶ್ ಕೋಡಿನಲ್ಲಿ ನಾನು ಪಾಲಿಸುವ ಕ್ರಮ

ವೈರ್‌ಲೆಸ್ ಮೆಶ್ (ನೋಡ್‌ಗಳು, ಅಂದರೆ ಸಾಧನಗಳು, ಒಂದರ ಮೂಲಕ ಇನ್ನೊಂದಕ್ಕೆ ಪ್ಯಾಕೆಟ್ ದಾಟಿಸುವ ಜಾಲ) ಕೋಡಿನಲ್ಲಿ ಪಕ್ಕದ ಪ್ರತಿ ನೋಡ್‌ಗೂ ಒಂದು ಟೈಮರ್, ಹುಡುಕುವ ಪ್ರತಿ ದಾರಿಗೂ ಒಂದು ಟೈಮರ್. ಲಿನಕ್ಸ್ ಕರ್ನೆಲ್‌ನ ವೈ-ಫೈ ಭಾಗವಾದ ಮ್ಯಾಕ್80211ರಲ್ಲಿ ದಾರಿಗಳ ಮಿತಿ 1024. ನೋಡ್‌ಗಳು ಬಂದು ಹೋಗುತ್ತಲೇ ಇರುವುದರಿಂದ ಅವುಗಳ ವಿವರ ಹಿಡಿದಿಡುವ ಸ್ಟ್ರಕ್ಟ್‌ಗಳೂ ಹುಟ್ಟಿ ಸಾಯುತ್ತಲೇ ಇರುತ್ತವೆ. ಟೈಮರ್ ಇರುವುದು ಆ ಸ್ಟ್ರಕ್ಟ್‌ನ ಹೊಟ್ಟೆಯೊಳಗೇ. ಸ್ಟ್ರಕ್ಟ್ ಫ್ರೀ ಆದ ಮೇಲೆ (ಅದರ ಮೆಮೊರಿ ಮರಳಿಸಿದ ಮೇಲೆ) ಟೈಮರ್ ಫೈರ್ ಆದರೆ ಕಾಲ್‌ಬ್ಯಾಕ್ (ಟೈಮರ್ ಗಡುವು ಮುಗಿದಾಗ ಓಡುವ ಫಂಕ್ಷನ್) ಕೈಹಾಕುವುದು ಬೇರೆ ಯಾರದೋ ಮೆಮೊರಿಗೆ. ಕ್ರ್ಯಾಶ್ ಆಗುವುದೂ ಸಂಬಂಧವೇ ಇಲ್ಲದ ಇನ್ನೊಂದು ಜಾಗದಲ್ಲಿ.

ಒಂದು ದಾರಿಯನ್ನು ಅಳಿಸುವಾಗ ಮೊದಲು ಅದನ್ನು ಹ್ಯಾಶ್ ಟೇಬಲ್‌ನಿಂದ ತೆಗೆಯುತ್ತೇನೆ. ಹೊಸದಾಗಿ ಯಾರಿಗೂ ಅದು ಸಿಗಬಾರದು. ಆದರೆ ಆರ್‌ಸಿಯು (ಓದುವವರು ಮುಗಿಸುವ ತನಕ ಫ್ರೀ ಮಾಡುವುದನ್ನು ಮುಂದೂಡುವ ವ್ಯವಸ್ಥೆ) ರೀಡ್ ಲಾಕ್ ಹಿಡಿದು ಮೊದಲೇ ಪಾಯಿಂಟರ್ ಪಡೆದವರು ಇನ್ನೂ ಒಳಗಿರುತ್ತಾರೆ. ಅವರಿಗಾಗಿ ಸ್ಟೇಟ್ ಲಾಕ್ ಹಿಡಿದು 'ಅಳಿಸಲಾಗಿದೆ' ಎಂಬ ಫ್ಲ್ಯಾಗ್ ಹಾಕಿ ಲಾಕ್ ಬಿಡುತ್ತೇನೆ. ಆಮೇಲೆ ಟೈಮರನ್ನು ಶಾಶ್ವತವಾಗಿ ನಿಲ್ಲಿಸುವ ಟೈಮರ್_ಶಟ್‌ಡೌನ್_ಸಿಂಕ್. ನಂತರ ದಾರಿ ಸಿಗಲೆಂದು ಕಾಯುತ್ತಿದ್ದ ಪ್ಯಾಕೆಟ್‌ಗಳ ಸಾಲು ಖಾಲಿ ಮಾಡುವುದು. ಒಳಗಿದ್ದವರು ಹೊರಬಿದ್ದ ಮೇಲೆ ಮೆಮೊರಿ ಮರಳಿಸುವ ಕೆಫ್ರೀ_ಆರ್‌ಸಿಯು ಎಲ್ಲಕ್ಕಿಂತ ಕೊನೆಗೆ. ಇದರಲ್ಲಿ ಯಾವುದನ್ನು ಹಿಂದೆ ಮುಂದೆ ಮಾಡಿದರೂ ಒಂದು ಕಿಂಡಿ ತೆರೆದುಕೊಳ್ಳುತ್ತದೆ.

ಬರೀ ಡೆಲ್_ಟೈಮರ್ (ಹೊಸ ಕರ್ನೆಲ್‌ಗಳಲ್ಲಿ ಟೈಮರ್_ಡಿಲೀಟ್) ಸಾಲದು: ಅದು ಕಾಯುತ್ತಿರುವ ಟೈಮರನ್ನಷ್ಟೇ ತೆಗೆಯುತ್ತದೆ, ಇನ್ನೊಂದು ಸಿಪಿಯುನಲ್ಲಿ ಈಗಾಗಲೇ ಓಡುತ್ತಿರುವ ಕಾಲ್‌ಬ್ಯಾಕ್ ಮುಗಿಯುವ ತನಕ ಕಾಯುವುದಿಲ್ಲ. ಡೆಲ್_ಟೈಮರ್_ಸಿಂಕ್ (ಹೊಸ ಹೆಸರು ಟೈಮರ್_ಡಿಲೀಟ್_ಸಿಂಕ್) ಕಾಯುತ್ತದೆ. ಆದರೆ ಅದು ಮುಗಿದ ಮರುಕ್ಷಣವೇ ಯಾರಾದರೂ ಟೈಮರ್ ಹಚ್ಚುವ ಮಾಡ್_ಟೈಮರ್ ಕರೆದರೆ ಟೈಮರ್ ಮತ್ತೆ ಜೀವಂತ. ಲಿನಕ್ಸ್ 6.2ರಲ್ಲಿ ಬಂದ ಶಟ್‌ಡೌನ್ ರೂಪ ಕಾಲ್‌ಬ್ಯಾಕ್ ಪಾಯಿಂಟರನ್ನೇ ನಲ್ ಮಾಡಿಬಿಡುತ್ತದೆ. ಆಮೇಲೆ ಯಾರು ಮಾಡ್_ಟೈಮರ್ ಕರೆದರೂ ಏನೂ ಆಗುವುದಿಲ್ಲ. ಟೈಮರ್ ವರ್ಕ್‌ಕ್ಯೂಗೆ (ಆಮೇಲೆ ಮಾಡುವ ಕೆಲಸಗಳ ಸಾಲಿಗೆ) ಕೆಲಸ ಹಾಕುತ್ತದೆ, ಆ ಕೆಲಸ ಮತ್ತೆ ಟೈಮರ್ ಹಚ್ಚುತ್ತದೆ ಎಂಬ ಸುತ್ತು ಇರುವ ಕಡೆ ಇದೇ ಸರಿಯಾದ ಮದ್ದು: ಮೊದಲು ಟೈಮರ್ ಶಟ್‌ಡೌನ್, ಆಮೇಲೆ ಕ್ಯಾನ್ಸಲ್_ವರ್ಕ್_ಸಿಂಕ್. ಹಳೆಯ ಕರ್ನೆಲ್ ಆದರೆ ಟೈಮರ್ ಹಚ್ಚುವ ಪ್ರತಿಯೊಂದು ಜಾಗದಲ್ಲೂ ಲಾಕ್ ಒಳಗೆ ಆ ಫ್ಲ್ಯಾಗ್ ನೋಡಲೇಬೇಕು. ಬೇರೆ ದಾರಿಯಿಲ್ಲ.

ಸಿಂಕ್ ಎಂದ ಮೇಲೆ ಡೆಡ್‌ಲಾಕ್ ಭಯವೂ ಜೊತೆಗೇ ಬರುತ್ತದೆ. ಕಾಲ್‌ಬ್ಯಾಕ್ ಯಾವ ಲಾಕ್ ಕೇಳುತ್ತದೋ ಅದನ್ನು ಹಿಡಿದುಕೊಂಡೇ ಸಿಂಕ್ ಕರೆದರೆ ನೀವು ಅದಕ್ಕೆ ಕಾಯುತ್ತೀರಿ, ಅದು ನಿಮಗೆ ಕಾಯುತ್ತದೆ. ಮೇಲಿನ ಕ್ರಮದಲ್ಲಿ ಫ್ಲ್ಯಾಗ್ ಹಾಕಿದ ಕೂಡಲೇ ಲಾಕ್ ಬಿಟ್ಟದ್ದು ಇದಕ್ಕೇ. ಕಾಲ್‌ಬ್ಯಾಕ್‌ನ ಒಳಗಿಂದಲೇ ಅದರದೇ ಟೈಮರ್ ಮೇಲೆ ಸಿಂಕ್ ಕರೆಯುವುದೂ ಅಷ್ಟೇ ಕೆಟ್ಟದ್ದು. ಇನ್ನು ಟೈಮರ್ ಓಡುವುದು ಸಾಫ್ಟ್‌ಐಆರ್‌ಕ್ಯೂನಲ್ಲಿ (ಪ್ರೊಸೆಸನ್ನು ನಡುವೆಯೇ ತಡೆದು ಓಡಬಲ್ಲ ಹಂತ), ಹಾಗಾಗಿ ಪ್ರೊಸೆಸ್ ಕಡೆಯಿಂದ ಅದೇ ಲಾಕ್ ಹಿಡಿಯುವಾಗ ಆ ಹಂತವನ್ನು ತಡೆಹಿಡಿಯುವ ಸ್ಪಿನ್_ಲಾಕ್_ಬಿಎಚ್ ಬೇಕು.

ಪಿಯರ್ ಲಿಂಕ್ (ಪಕ್ಕದ ನೋಡ್ ಜೊತೆಗಿನ ಸಂಪರ್ಕ) ಕಟ್ಟುವಾಗಿನ ರೇಸ್ (ಎರಡು ಸಿಪಿಯುಗಳ ಪೈಪೋಟಿ) ಒಂದನ್ನು ಹತ್ತಿರದಿಂದ ನೋಡೋಣ. ಮರುಪ್ರಯತ್ನದ ಅವಧಿ ಡೀಫಾಲ್ಟ್ ಆಗಿ 100 ಮಿಲಿಸೆಕೆಂಡ್, ಮರುಪ್ರಯತ್ನ 3 ಸಲ. ಸರಿಯಾಗಿ ನೂರನೇ ಮಿಲಿಸೆಕೆಂಡಿಗೆ ಒಂದು ಸಿಪಿಯುನಲ್ಲಿ ಟೈಮರ್ ಫೈರ್ ಆಗಿ ಲಾಕ್‌ಗೆ ಕಾಯುತ್ತಿದೆ. ಲಾಕ್ ಇನ್ನೊಂದು ಸಿಪಿಯು ಕೈಯಲ್ಲಿದೆ. ಅಲ್ಲಿ ಆಗಷ್ಟೇ ಪಿಯರ್‌ನ ಫ್ರೇಮ್ ಬಂದು, ಸ್ಟೇಟ್ ಬದಲಾಗಿ, ಟೈಮರ್ ಮುಂದಕ್ಕೆ ಹೋಗಿದೆ. ಈಗ ಲಾಕ್ ಸಿಕ್ಕ ಹಳೆಯ ಕಾಲ್‌ಬ್ಯಾಕ್ ಹೊಸ ಸ್ಟೇಟನ್ನು ನೋಡಿ ಅದರ ಗಡುವೇ ಮುಗಿಯಿತೆಂದು ಭಾವಿಸುತ್ತದೆ. ಪರಿಹಾರ ಎರಡೇ ಸಾಲು: ಲಾಕ್ ಸಿಕ್ಕ ಕೂಡಲೇ, ಟೈಮರ್‌ನ ಎಕ್ಸ್‌ಪೈರ್ಸ್ ಇನ್ನೂ ಮುಂದಿದೆಯೇ ಎಂದು ಟೈಮ್_ಬಿಫೋರ್ ಬಳಸಿ ನೋಡಿ, ಇದ್ದರೆ ಸುಮ್ಮನೆ ಹಿಂತಿರುಗುವುದು. ಮ್ಯಾಕ್80211 ಕೋಡಿನಲ್ಲಿ ಇದೇ ಪರೀಕ್ಷೆ ಇದೆ.

ಇಲ್ಲಿ ಜಿಫೀಸ್‌ಗಳನ್ನು (ಕರ್ನೆಲ್‌ನ ಸಮಯದ ಎಣಿಕೆಯನ್ನು) ನೇರವಾಗಿ 'ಕಡಿಮೆ', 'ಹೆಚ್ಚು' ಎಂದು ಹೋಲಿಸಬೇಡಿ. 32 ಬಿಟ್ ರೌಟರ್‌ನಲ್ಲಿ ಎಚ್‌ಝಡ್ (ಸೆಕೆಂಡಿಗೆ ಎಷ್ಟು ಎಣಿಕೆ) 1000 ಇದ್ದರೆ ಎಣಿಕೆ 49.7 ದಿನಕ್ಕೆ ಮತ್ತೆ ಸೊನ್ನೆಗೆ ಸುತ್ತು ಹೊಡೆಯುತ್ತದೆ. ಬೂಟ್ ಆಗಿ ಐದು ನಿಮಿಷಕ್ಕೇ ಒಮ್ಮೆ ಸುತ್ತುವಂತೆ ಕರ್ನೆಲ್ ಬೇಕೆಂದೇ ಆರಂಭದ ಬೆಲೆ ಇಟ್ಟಿದೆ. ಆರನೇ ನಿಮಿಷದಲ್ಲಿ ದಾರಿಗಳೆಲ್ಲ ಒಟ್ಟಿಗೆ ಮಾಯವಾದರೆ ಮೊದಲು ಹೋಲಿಕೆಗಳನ್ನೇ ಹುಡುಕಿ.

ಕಾಲ್‌ಬ್ಯಾಕ್‌ನಲ್ಲಿ ಮೆಮೊರಿ ಕೇಳುವಾಗ ಜಿಎಫ್‌ಪಿ_ಅಟಾಮಿಕ್. ಅಲ್ಲಿ ನಿದ್ದೆ ಮಾಡುವಂತಿಲ್ಲ. ಮೆಮೊರಿ ಸಿಗದೇ ಹೋಗುವುದೂ ಉಂಟು. ನಲ್ ಬಂತೆಂದು ಅಲ್ಲಿಂದಲೇ ರಿಟರ್ನ್ ಮಾಡಿ ಟೈಮರ್ ಮತ್ತೆ ಹಚ್ಚುವುದನ್ನು ಮರೆತರೆ ಆ ದಾರಿ 'ಹುಡುಕುತ್ತಿದೆ' ಎಂಬ ಸ್ಥಿತಿಯಲ್ಲೇ ಕೊಳೆಯುತ್ತದೆ. ಫ್ರೇಮ್ ಹೋಗದಿದ್ದರೂ ಪರವಾಗಿಲ್ಲ, ಟೈಮರ್ ಹಚ್ಚಿಯೇ ಹೊರಗೆ ಬನ್ನಿ.

ಪ್ಯಾಕೆಟ್ ಬಫರ್‌ನಲ್ಲಿ (ಕರ್ನೆಲ್‌ನ ಹೆಸರಲ್ಲಿ ಎಸ್‌ಕೆಬಿ) ನಾನು ಅತಿ ಹೆಚ್ಚು ಎಚ್ಚರ ವಹಿಸುವುದು ಪಿಎಸ್‌ಕೆಬಿ_ಮೇ_ಪುಲ್ ಬಗ್ಗೆ. ಹೆಸರು ಕೇಳಿದರೆ ಬರೀ ಉದ್ದ ಅಳೆಯುವ ಫಂಕ್ಷನ್ ಅನ್ನಿಸುತ್ತದೆ, ಆದರೆ ಬೇಕಾದರೆ ಅದು ಬಫರನ್ನೇ ಬೇರೆ ಕಡೆ ಹೊಸದಾಗಿ ಪಡೆಯುತ್ತದೆ. ಅದಕ್ಕೆ ಮೊದಲು ಹಿಡಿದಿಟ್ಟ ಹೆಡರ್ ಪಾಯಿಂಟರ್‌ಗಳೆಲ್ಲ ಆಗ ಕಸ. ಎಸ್‌ಕೆಬಿ_ಕೌ ಕೂಡ ಹಾಗೆಯೇ. ಇವುಗಳ ನಂತರ ಹೆಡರನ್ನು ಎಸ್‌ಕೆಬಿ ಡೇಟಾದಿಂದ ಮತ್ತೆ ತೆಗೆದುಕೊಳ್ಳುತ್ತೇನೆ, ಅಗತ್ಯವಿಲ್ಲ ಅನ್ನಿಸಿದರೂ ಸರಿ. ಕಳುಹಿಸಲೆಂದು ಡೆವ್_ಕ್ಯೂ_ಎಕ್ಸ್‌ಮಿಟ್‌ಗೆ ಕೊಟ್ಟ ಎಸ್‌ಕೆಬಿ ಸೋತರೂ ಗೆದ್ದರೂ ನಮ್ಮದಲ್ಲ. ಅಂಕಿಅಂಶಕ್ಕೆ ಉದ್ದ ಬೇಕಿದ್ದರೆ ಮೊದಲೇ ಬರೆದಿಟ್ಟುಕೊಳ್ಳಿ.

ಟೈಮರ್‌ಗೇ ಒಂದು ರೆಫರೆನ್ಸ್ (ಸ್ಟ್ರಕ್ಟನ್ನು ಎಷ್ಟು ಮಂದಿ ಬಳಸುತ್ತಿದ್ದಾರೆ ಎಂಬ ಲೆಕ್ಕದಲ್ಲಿ ಒಂದು ಪಾಲು) ಕೊಡುವ ಪದ್ಧತಿಯೂ ಇದೆ: ಮಾಡ್_ಟೈಮರ್ 0 ಹಿಂತಿರುಗಿಸಿದರೆ ಲೆಕ್ಕ ಒಂದು ಏರಿಸುವುದು, ಡೆಲ್_ಟೈಮರ್ 1 ಹಿಂತಿರುಗಿಸಿದರೆ ಇಳಿಸುವುದು, ಕಾಲ್‌ಬ್ಯಾಕ್ ಮುಗಿದಾಗ ಇಳಿಸುವುದು. ಕರೆಯುವವರ ಬಳಿ ತಮ್ಮದೇ ರೆಫರೆನ್ಸ್ ಇದ್ದರಷ್ಟೇ ಇದು ಭದ್ರ. ಲೆಕ್ಕ ತಪ್ಪುವುದು ಸುಲಭ, ಹಾಗಾಗಿ ಸಿಂಕ್ ಕರೆಯಲಾಗದ ಜಾಗದಲ್ಲಿ ಮಾತ್ರ ಇದನ್ನು ಬಳಸುತ್ತೇನೆ. ಕಾಲ್_ಆರ್‌ಸಿಯುಗೆ ಮಾಡ್ಯೂಲ್‌ನದೇ ಫಂಕ್ಷನ್ ಕೊಟ್ಟಿದ್ದರೆ ಮಾಡ್ಯೂಲ್ ಇಳಿಸುವ ಮುನ್ನ ಅಂಥವೆಲ್ಲ ಓಡಿ ಮುಗಿಯುವ ತನಕ ಕಾಯುವ ಆರ್‌ಸಿಯು_ಬ್ಯಾರಿಯರ್ ಬೇಕೇ ಬೇಕು.

ಪರೀಕ್ಷೆಗೆ ರೇಡಿಯೊ ಬೇಡ. ಕೃತಕ ರೇಡಿಯೊಗಳನ್ನು ಕೊಡುವ ಮ್ಯಾಕ್80211_ಎಚ್‌ಡಬ್ಲ್ಯುಸಿಮ್ ಅನ್ನು ರೇಡಿಯೋಸ್=4 ಎಂದು ಲೋಡ್ ಮಾಡಿ, ನಾಲ್ಕನ್ನೂ ಒಂದೇ ಮೆಶ್‌ಗೆ ಸೇರಿಸಿ, ಪಿಂಗ್ ಓಡುತ್ತಿರುವಾಗಲೇ ಒಂದೊಂದನ್ನು ಸೇರಿಸುವುದು, ಬಿಡಿಸುವುದು ಲೂಪ್‌ನಲ್ಲಿ ನಡೆಯಲಿ. ಕರ್ನೆಲ್‌ನಲ್ಲಿ ಕಾಸನ್ (ತಪ್ಪು ಮೆಮೊರಿ ಬಳಕೆ ಹಿಡಿಯುವ ಸಾಧನ), ಲಾಕ್‌ಡೆಪ್ (ಡೆಡ್‌ಲಾಕ್ ಹಿಡಿಯುವ ಸಾಧನ), ಡಿಬಗ್_ಆಬ್ಜೆಕ್ಟ್ಸ್_ಟೈಮರ್ಸ್ ಮತ್ತು ಡಿಬಗ್_ಆಬ್ಜೆಕ್ಟ್ಸ್_ಫ್ರೀ ಆನ್ ಇರಲಿ. ಟೈಮರ್ ವಿಷಯದಲ್ಲಿ ಕಾಸನ್‌ಗಿಂತ ಕೊನೆಯೆರಡು ಹೆಚ್ಚು ಉಪಯುಕ್ತ: ಕಾಸನ್ ಬಾಯಿಬಿಡಲು ಟೈಮರ್ ಫೈರ್ ಆಗಬೇಕು, ಇವು ಜೀವಂತ ಟೈಮರ್ ಇರುವ ಮೆಮೊರಿ ಫ್ರೀ ಆಗುವಾಗಲೇ ಹಿಡಿದು ಕಾಲ್‌ಬ್ಯಾಕ್‌ನ ಹೆಸರನ್ನೂ ಹೇಳುತ್ತವೆ. ರೆಫರೆನ್ಸ್ ಸೋರಿಕೆಯನ್ನು ಮಾತ್ರ ಇವ್ಯಾವುವೂ ಹೇಳುವುದಿಲ್ಲ. ಇಂಟರ್‌ಫೇಸ್ ತೆಗೆಯುವಾಗ ಕಮಾಂಡ್ ಸಿಕ್ಕಿಕೊಂಡು, ಕರ್ನೆಲ್ ಲಾಗ್ ತೋರಿಸುವ ಡಿಮೆಸೆಜ್‌ನಲ್ಲಿ ಸುಮಾರು 10 ಸೆಕೆಂಡಿಗೊಮ್ಮೆ 'ಅನ್‌ರಿಜಿಸ್ಟರ್_ನೆಟ್‌ಡಿವೈಸ್: ವೇಟಿಂಗ್ ಫಾರ್' ಎಂಬ ಸಾಲು ಬರತೊಡಗಿದರೆ, ಎಲ್ಲೋ ಒಂದು ರೆಫರೆನ್ಸ್ ಇಳಿಕೆ ಬಾಕಿ ಇದೆ, ಸಾಲಿನ ಕೊನೆಯ ಸಂಖ್ಯೆ ಇನ್ನೂ ಉಳಿದಿರುವ ಲೆಕ್ಕ.