ತುಡುವೆ ಜೇನು ಬರುತ್ತದೆ, ಮಳೆಗಾಲ ದಾಟಿಸಿ ನೋಡಿ

ತುಡುವೆ, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡ ಜೇನು, ಸಾಕಬೇಕು ಅಂದರೆ ಎಲ್ಲರೂ ಮೊದಲು ಪೆಟ್ಟಿಗೆ ಕೊಳ್ಳಲು ಓಡುತ್ತಾರೆ. ಪೆಟ್ಟಿಗೆ ಆಮೇಲೆ, ಮೊದಲು ಹೂವು ನೋಡಿ. ಕೊಡಗಿನಲ್ಲಿ ಕಾಫಿ ಹೂವು ಇದೆಯಲ್ಲ ಎನ್ನುತ್ತೀರಿ. ಇದೆ, ಆದರೆ ಎಷ್ಟು ದಿನ? ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗಿ, ಎರಡು ಮೂರು ದಿನ ಘಮಘಮ ಎಂದು, ಆಮೇಲೆ ಮುಗಿಯಿತು. ಅದನ್ನೇ ನಂಬಿಕೊಂಡು ವರ್ಷವಿಡೀ ಇರುವುದಕ್ಕೆ ಆಗುತ್ತದಾ?

ಅದಕ್ಕೇ ಮನೆ ಸುತ್ತ ಬೇರೆ ಬೇರೆ ಕಾಲಕ್ಕೆ ಹೂಬಿಡುವ ಗಿಡ ಇರಲಿ. ತುಳಸಿ, ಕುಂಬಳ, ಸೌತೆ, ಸೀಬೆ, ನೇರಳೆ, ತೆಂಗು, ಅಡಿಕೆ. ನಾಚಿಕೆ ಮುಳ್ಳನ್ನು ಕಂಡಲ್ಲೆಲ್ಲ ಕಿತ್ತು ಹಾಕಬೇಡಿ, ಅದರ ಪರಾಗ ಜೇನಿಗೆ ಬಹಳ ಇಷ್ಟ. ಮೊಬೈಲಿನ ತೋಟದ ಆಟದಲ್ಲಿ ಗಿಡ ನೆಟ್ಟ ಕೂಡಲೇ ಏನೋ ಒಂದು ಪ್ರಾಣಿ ಬೇಲಿ ದಾಟಿ ಬರುತ್ತದಂತೆ, ಮೊಮ್ಮಕ್ಕಳು ತೋರಿಸಿದರು. ಇಲ್ಲೂ ಲೆಕ್ಕ ಅದೇ, ತಾಳ್ಮೆ ಮಾತ್ರ ಜಾಸ್ತಿ ಬೇಕು.

ಜೇನನ್ನು ಕರೆಯುವುದಕ್ಕೆ ಹೊಸ ಪೆಟ್ಟಿಗೆಯೇ ಬೇಕೆಂದಿಲ್ಲ. ಹಳೇ ಮಡಕೆ ಸಾಕು. ಸಣ್ಣದೊಂದು ತೂತು ಮಾಡಿ, ಒಳಗೆ ಜೇನುಮೇಣ ಉಜ್ಜಿ, ಬಾಯಿ ಮುಚ್ಚಿ, ಮರದ ಕವಲಿನಲ್ಲೋ ಸೂರಿನ ಕೆಳಗೋ ನೆರಳಿನಲ್ಲಿಡಿ. ಜೇನುತುಪ್ಪ ಸವರಬೇಡಿ, ಜೇನಿಗಿಂತ ಮೊದಲು ಇರುವೆ ಬಂದು ಕೂರುತ್ತದೆ. ಪೆಟ್ಟಿಗೆಯೇ ಇಡುವುದಾದರೆ ಒಳಗೆ ಪೇಂಟ್ ಬೇಡ, ಆ ವಾಸನೆಗೆ ಹತ್ತಿರವೂ ಬರುವುದಿಲ್ಲ. ಬಾಗಿಲು ಪೂರ್ವಕ್ಕಿರಲಿ. ನಮ್ಮ ಮಳೆ ಗಾಳಿ ಪಶ್ಚಿಮದಿಂದ ಹೊಡೆಯುವುದು, ಅಲ್ವಾ?

ಬಂದು ಕೂತಾಯಿತು ಅಂದುಕೊಳ್ಳಿ. ಇನ್ನು ಇರುವೆ ಕಾಟ. ಪೆಟ್ಟಿಗೆ ಕೂರಿಸಿದ ಸ್ಟ್ಯಾಂಡಿನ ನಾಲ್ಕು ಕಾಲನ್ನೂ ನೀರಿನ ಬಟ್ಟಲಲ್ಲಿ ಇಟ್ಟರೆ ಸಾಕು, ಆದರೆ ಪಕ್ಕದ ಹುಲ್ಲು ಬೆಳೆದು ಪೆಟ್ಟಿಗೆಗೆ ತಾಗಿದರೆ ಇರುವೆಗೆ ಅದೇ ಸೇತುವೆ, ಹಾಗಾಗಿ ಹುಲ್ಲು ಕೊಯ್ಯುತ್ತಾ ಇರಿ. ಹಳೇ ಕಪ್ಪು ಎರಿ, ಅಂದರೆ ಜೇನು ಕಟ್ಟಿದ ಮೇಣದ ಹಲ್ಲೆ, ಖಾಲಿ ಬಿದ್ದಿದ್ದರೆ ತೆಗೆದುಬಿಡಿ, ಮೇಣದ ಹುಳು ಮೊಟ್ಟೆ ಇಡುವುದೇ ಅಂಥದ್ದರಲ್ಲಿ.

ನಿಜವಾದ ಕಷ್ಟ ಇರುವುದು ಜೂನ್ ಆದ ಮೇಲೆ. ಕಕ್ಕಡದ, ಅಂದರೆ ಜುಲೈ-ಆಗಸ್ಟಿನ ಕೊಡವ ತಿಂಗಳಿನ, ಮಳೆ ಬಿಡದೆ ಹೊಡೆಯುವಾಗ ಜೇನಿಗೆ ಹೊರಗೆ ಹೋಗಲು ಆಗುವುದಿಲ್ಲ, ಹೋದರೂ ಹೂವಿಲ್ಲ. ಬೇಸಿಗೆಯಲ್ಲಿ ಆಸೆಬಿದ್ದು ಎಲ್ಲಾ ತುಪ್ಪ ಹಿಂಡಿಕೊಂಡವರ ಪೆಟ್ಟಿಗೆ ಆಗಸ್ಟಿಗೆ ಖಾಲಿ. ಮೇಲಿನ ಅಂತಸ್ತಿನ ತುಪ್ಪ ಮಾತ್ರ ತೆಗೆಯಿರಿ, ಅದೂ ಎರಿಯ ಕಣ್ಣುಗಳಿಗೆ ಮೇಣದ ಮುಚ್ಚಳ ಬಿದ್ದ ಮೇಲೆ. ಕೆಳಗಿನದು ಅವುಗಳ ಪಾಲು, ಮುಟ್ಟಬೇಡಿ. ಆದರೂ ಸಾಲದೆ ಬಂದರೆ ಸಕ್ಕರೆ ನೀರು ಸಮಸಮ ಕಾಯಿಸಿ, ಪೂರ್ತಿ ಆರಿಸಿ, ಸಂಜೆ ಜೇನುಗಳೆಲ್ಲ ಒಳಗೆ ಸೇರಿದ ಮೇಲೆ ಪೆಟ್ಟಿಗೆಯ ಒಳಗೇ ಇಡಿ. ಹೊರಗಿಟ್ಟರೆ ಬೇರೆ ಗೂಡಿನವು ಕದಿಯಲು ಬಂದು ಜಗಳ ಶುರು. ಬೆಲ್ಲದ ನೀರು ಮಾತ್ರ ಕೊಡಬೇಡಿ, ಅವಕ್ಕೆ ಹೊಟ್ಟೆ ಕೆಡುತ್ತದೆ. ಮೇಲೊಂದು ತಗಡು ಇಳಿಜಾರಾಗಿ ಹೊದಿಸಿ, ಗಾಳಿಗೆ ಹಾರದ ಹಾಗೆ ಕಲ್ಲು ಹೇರಿ. ಜೋರು ಮಳೆಯಲ್ಲಿ ಮುಚ್ಚಳ ತೆಗೆದು ನೋಡುವ ಚಪಲ ಬೇಡವೇ ಬೇಡ.

ಮರಿಗಳನ್ನು ಮಾತ್ರ ಬಿಸಿಲು ಬಿದ್ದ ದಿನ ತಪ್ಪದೆ ನೋಡಿ. ಮರಿ ಸತ್ತು ನೀರು ತುಂಬಿದ ಚೀಲದ ಥರ ಆಗಿದ್ದರೆ ಅದು ಥಾಯ್ ಸ್ಯಾಕ್‌ಬ್ರೂಡ್. 1991ರ ಸುಮಾರಿಗೆ ದಕ್ಷಿಣ ಭಾರತದ ತುಡುವೆ ಸಾಕಣೆಯನ್ನೇ ಮಲಗಿಸಿದ ವೈರಸ್ ರೋಗ ಇದು. ಇದನ್ನು ಗುಣಪಡಿಸುವ ಔಷಧಿ ಇಲ್ಲ. ಆ ಎರಿಯನ್ನು ಇನ್ನೊಂದು ಪೆಟ್ಟಿಗೆಗೆ ಹಾಕಬೇಡಿ, ಅದನ್ನು ಮುಟ್ಟಿದ ಕೈಯಲ್ಲೇ ಪಕ್ಕದ ಗೂಡು ತೆರೆಯಬೇಡಿ.

ಪಕ್ಕದ ತೋಟದವರ ಹತ್ತಿರವೂ ಒಂದು ಮಾತು ಆಡಿ ಇಟ್ಟುಕೊಳ್ಳಿ. ಹೂವಿರುವಾಗ ಕೀಟನಾಶಕ ಹೊಡೆಯಬೇಡಿ, ಹೊಡೆಯಲೇಬೇಕಾದರೆ ಸಂಜೆ ಹೊಡೆಯಿರಿ, ಹಿಂದಿನ ದಿನವೇ ತಿಳಿಸಿ ಎಂದು. ಅವರದು ರೋಬಸ್ಟಾ ಜಾತಿಯ ಕಾಫಿ ತೋಟವಾದರೆ ಬೇಗ ಒಪ್ಪುತ್ತಾರೆ. ರೋಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದ ಪರಾಗ ಗಾಳಿಯೋ ಜೇನೋ ತರಬೇಕು. ನಿಮ್ಮ ಜೇನು ಹೋಗಿ ಕೆಲಸ ಮಾಡುವುದು ಅವರ ಗಿಡದಲ್ಲೂ ಹೌದಲ್ಲ.